ನೆಲನೆಲ್ಲಿಯಿಂದ ಕಾಮಣಿ ವಾಸಿ ಅಂತ ಬರೆದರೆ ವಿಕಿಪೀಡಿಯದಲ್ಲಿ ಯಾಕೆ ಅಳಿಸುತ್ತಾರೆ?

ಗಂಗಾವತಿ ಕಡೆಯ ಓದುಗರೊಬ್ಬರ ಪ್ರಶ್ನೆ ಇದು: "ಸರ್, ನಮ್ಮಲ್ಲಿ ಕಾಮಣಿ ಆದರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. ನನ್ನ ತಮ್ಮನಿಗೇ ವಾಸಿಯಾಗಿದೆ. ಪೇಪರಿನಲ್ಲೂ ಬಂದಿತ್ತು. ವಿಕಿಪೀಡಿಯದಲ್ಲಿ ಸೇರಿಸಿ ಪೇಪರ್ ಲಿಂಕ್ ಕೊಟ್ಟೆ, ಅಳಿಸಿದರು. ಹುಡುಕಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಜರ್ನಲ್ಲಿನ ಲೇಖನವನ್ನೇ ಉಲ್ಲೇಖ ಹಾಕಿದೆ, ಅದನ್ನೂ ಅಳಿಸಿದರು. ಇನ್ನೇನು ಬೇಕಂತೆ ಇವರಿಗೆ?"

ಸಿಟ್ಟು ಬರುವುದು ಸಹಜ. ಬಳ್ಳಾರಿಯಲ್ಲಿ ಕೂತು ನಾನು ಮೊದಲ ಸಲ ಸೇರಿಸಿದ ಆರೋಗ್ಯದ ಸಾಲೂ ಚಹಾ ಕುಡಿದು ಬರುವಷ್ಟರಲ್ಲಿ ಮಾಯವಾಗಿತ್ತು. ಆದರೆ ಒಂದು ಮಾತು. ಅಳಿಸಿದವರು ನೀವು ಹೇಳಿದ್ದು ಸುಳ್ಳು ಅಂತ ತೀರ್ಪು ಕೊಟ್ಟಿಲ್ಲ. ಈ ಮಾತನ್ನು ಹೊರುವ ಶಕ್ತಿ ನೀವು ಕೊಟ್ಟ ಆಧಾರಕ್ಕಿಲ್ಲ ಅಂದಿದ್ದಾರೆ, ಅಷ್ಟೇ.

ಮೊದಲು ಪೇಪರಿನ ವಿಷಯ. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತು ಅಂತ ಬರೆಯಿರಿ, ಪೇಪರ್ ಲಿಂಕ್ ಧಾರಾಳವಾಗಿ ಸಾಕು. ಗೇಟು ಇಲ್ಲದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ, ನೀರು ಹೋದದ್ದನ್ನು ಅಳೆಯಬಹುದು, ವರದಿಗಾರ ಅಲ್ಲಿಗೇ ಹೋಗಿ ನಿಂತು ನೋಡಬಹುದು. ಆದರೆ ಒಂದು ಬೇರಿನ ರಸ ಲಿವರಿನೊಳಗೆ ಏನು ಮಾಡಿತು ಅನ್ನುವುದನ್ನು ವರದಿಗಾರ ಎಲ್ಲಿ ನಿಂತು ನೋಡುತ್ತಾನೆ? ಯಾರೋ ಹೇಳಿದ್ದನ್ನು ಬರೆಯುತ್ತಾನೆ. ಮೇಲೆ "ಕ್ಯಾನ್ಸರಿಗೆ ರಾಮಬಾಣ" ಅಂತ ದಪ್ಪ ಅಕ್ಷರ, ಕೊನೆಯ ಪ್ಯಾರಾದಲ್ಲಿ ಇದು ಇಲಿಗಳ ಮೇಲಿನ ಪ್ರಯೋಗ ಅಂತ ಒಂದು ಸಾಲು. ಇಂಥದ್ದನ್ನು ನೀವೂ ಓದಿದ್ದೀರಿ, ಅಲ್ವಾ? ಅದಕ್ಕೇ ಇಂಗ್ಲಿಷ್ ವಿಕಿಪೀಡಿಯದವರು ವೈದ್ಯಕೀಯ ಮಾತುಗಳಿಗೆ ಬೇರೆಯೇ ಮಾರ್ಗಸೂಚಿ ಮಾಡಿಕೊಂಡಿದ್ದಾರೆ. ಸಂಪಾದಕರ ಬಾಯಲ್ಲಿ ಅದು "ಮೆಡ್ಆರ್‌ಎಸ್". ಪ್ರತಿ ಭಾಷೆಯ ವಿಕಿಪೀಡಿಯ ತನ್ನ ನಿಯಮ ತಾನೇ ಮಾಡಿಕೊಳ್ಳಬಹುದು, ಆದರೂ ಔಷಧದ ಮಾತು ಬಂದರೆ ಬೇರೆ ಭಾಷೆಗಳ ಸಂಪಾದಕರೂ ಇದರ ಕಡೆ ಬೆರಳು ತೋರಿಸುವುದುಂಟು.

ಈಗ ನಿಮ್ಮ ಲ್ಯಾನ್ಸೆಟ್. ನೀವು ಹಾಕಿದ್ದು 1988ರ ಲೇಖನವೇ ಇರಬೇಕು. ಅದು ಸಣ್ಣ ಲೇಖನ ಅಲ್ಲ, ಒಪ್ಪುತ್ತೇನೆ. ಮದ್ರಾಸಿನಲ್ಲಿ ನಡೆದ ಪ್ರಯೋಗ. ಲಿವರಿಗೆ ಹತ್ತುವ ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಕೂಡ ಅದರ ಲೇಖಕರಲ್ಲಿ ಒಬ್ಬರು. 30 ದಿನ ನೆಲನೆಲ್ಲಿ ಪುಡಿ ತೆಗೆದುಕೊಂಡವರಲ್ಲಿ ಪರೀಕ್ಷೆಗೆ ಸಿಕ್ಕ 37 ಜನರ ಪೈಕಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಔಷಧವೇ ಇಲ್ಲದ ಹುಸಿಮಾತ್ರೆ ತೆಗೆದುಕೊಂಡ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಓದಿದರೆ ಯಾರಿಗಾದರೂ ಕುಣಿಯಬೇಕು ಅನ್ನಿಸುತ್ತದೆ.

ಆಮೇಲೆ ಏನಾಯಿತು ಅನ್ನುವುದೇ ಇಲ್ಲಿ ಮುಖ್ಯ. ಬೇರೆ ಕಡೆಯವರು ಅದೇ ಪ್ರಯೋಗ ಮಾಡಿ ನೋಡಿದರು, ಆ ಫಲ ಸಿಗಲಿಲ್ಲ. 2011ರಲ್ಲಿ ಕಾಕ್ರೇನ್ ಅನ್ನುವ ಸಂಸ್ಥೆಯ ವಿಮರ್ಶೆ ಬಂತು. ಇವರ ಕೆಲಸವೇ ಒಂದು ವಿಷಯದ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ, ಯಾವುದು ಗಟ್ಟಿ ಯಾವುದು ಜೊಳ್ಳು ಅಂತ ತೂರಿ ನೋಡುವುದು. 16 ಪ್ರಯೋಗ, 1326 ರೋಗಿಗಳು. ದೀರ್ಘಕಾಲದ ಹೆಪಟೈಟಿಸ್ ಬಿ ಇದ್ದವರಿಗೆ ಹುಸಿಮಾತ್ರೆಗಿಂತ ಈ ಗಿಡದಿಂದ ಲಾಭವಿದೆ ಅನ್ನುವುದಕ್ಕೆ ನಂಬುವಂಥ ಪುರಾವೆ ಇಲ್ಲ ಅಂತ ಅವರು ಬರೆದರು.

ಹಾಗಾಗಿ 1988ರ ಲೇಖನ ಒಂದನ್ನೇ ಹಿಡಿದು ಬರೆದರೆ ಕತೆಯ ಅರ್ಧ ಮಾತ್ರ ಹೇಳಿದಂತೆ. ಇನ್ನೊಂದು ಸಮಸ್ಯೆಯೂ ಇದೆ, ಇದು ನಿಮ್ಮ ಗಮನಕ್ಕೆ ಬಂದಿಲ್ಲ ಅನ್ನಿಸುತ್ತದೆ. ಆ ಪ್ರಯೋಗ ನಡೆದದ್ದು ಮೈಯಲ್ಲಿ ವೈರಸ್ ಬಹುಕಾಲದಿಂದ ಕೂತಿದ್ದವರ ಮೇಲೆ. ನೀವು ಬರೆದದ್ದು ಕಣ್ಣು ಹಳದಿಯಾಗುವ ಕಾಮಣಿ ಬಗ್ಗೆ. ಎರಡೂ ಒಂದೇ ಅಲ್ಲ. ಅಂದರೆ ಲ್ಯಾನ್ಸೆಟ್ ನಿಮ್ಮ ಸಾಲನ್ನು ಹೇಳಿಯೇ ಇಲ್ಲ.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕು ಅನ್ನುತ್ತಾರೆ. ಸೋನಾ ಮಸೂರಿ ಬೆಳೆಯುವ ಊರಿನವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ, ಅದಕ್ಕೇ ಒಂದು ಅಗುಳು ಸಾಕು. ರೋಗಿಗಳು ಹಾಗಲ್ಲ ನೋಡಿ. ಒಬ್ಬೊಬ್ಬರ ಪಾತ್ರೆ ಬೇರೆ, ಉರಿ ಬೇರೆ.

ನಿಮ್ಮ ತಮ್ಮನ ವಿಷಯವೂ ಅಲ್ಲೇ ಬರುತ್ತದೆ. ಅವನು ಗುಣವಾದದ್ದು ಸಂತೋಷ. ಆದರೆ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ, ಜಾಸ್ತಿ ಅಂದರೆ ಕೆಲವು ತಿಂಗಳಲ್ಲಿ, ತಾನಾಗಿಯೇ ಇಳಿಯುತ್ತದೆ. ಅದಕ್ಕೆಂದೇ ಇರುವ ಔಷಧ ಆಸ್ಪತ್ರೆಯಲ್ಲೂ ಇಲ್ಲ. ಆ ವಾರಗಳಲ್ಲಿ ನೆಲನೆಲ್ಲಿ ಕುಡಿದವನೂ ಏಳುತ್ತಾನೆ, ಬರೀ ಗಂಜಿ ಕುಡಿದವನೂ ಏಳುತ್ತಾನೆ, ಎದ್ದ ಮೇಲೆ ಹೆಸರು ಮಾತ್ರ ನೆಲನೆಲ್ಲಿಗೆ ಬರುತ್ತದೆ. ಪಿತ್ತಕೋಶದ ಕಲ್ಲು ಸಿಕ್ಕಿಹಾಕಿಕೊಂಡು ಕಣ್ಣು ಹಳದಿಯಾದವನ ಕತೆ ಬೇರೆ. ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಇಂಥವರ ಮನೆಯವರು "ಕಾಮಣಿಗೆ ನೆಲನೆಲ್ಲಿ ಔಷಧ" ಅನ್ನುವ ಸಾಲು ಓದಿ ವಾರ ಕಾದರೆ ಏನಾಗುತ್ತದೆ, ಯೋಚನೆ ಮಾಡಿ. ವಿಕಿಪೀಡಿಯ ವೈದ್ಯಕೀಯ ಸಲಹೆ ಕೊಡುವುದಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಅದನ್ನು ಓದುವವರು ಯಾರು! ಜನ ಮೊಬೈಲಿನಲ್ಲಿ ಮೊದಲು ಕಂಡದ್ದನ್ನು ನಂಬುತ್ತಾರೆ.

ಹಾಗಾದರೆ ಯಾವುದು ನಡೆಯುತ್ತದೆ? ಹೆಸರುವಾಸಿ ವೈದ್ಯ ಜರ್ನಲ್ಲುಗಳ ವಿಮರ್ಶಾ ಲೇಖನ, ತಜ್ಞರು ಬರೆದ ಪಠ್ಯಪುಸ್ತಕ, ವಿಶ್ವ ಆರೋಗ್ಯ ಸಂಸ್ಥೆಯಂಥವರ ಮಾರ್ಗಸೂಚಿ. ಸಾಧ್ಯವಾದರೆ ಕಳೆದ 5 ವರ್ಷದೊಳಗಿನದು, ಹೊಸ ವಿಮರ್ಶೆ ಬಾರದ ವಿಷಯದಲ್ಲಿ ಹಳೆಯದೂ ಆಗುತ್ತದೆ. ವೈದ್ಯ ಲೇಖನಗಳ ಪಟ್ಟಿಯಾದ ಪಬ್‌ಮೆಡ್‌ನಲ್ಲಿ ಹೆಸರು ಸಿಕ್ಕಿತು ಅನ್ನುವುದು ಗುಣಮಟ್ಟದ ಮುದ್ರೆ ಅಲ್ಲ, ಅದು ಹುಡುಕುವ ಜಾಗ ಮಾತ್ರ. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಜರ್ನಲ್ಲುಗಳು ಬೇರೆ ಇವೆ, ಜೋಪಾನ. ದೊಡ್ಡ ಹೆಸರೊಂದೇ ಸಾಲದು ಅನ್ನುವುದಕ್ಕೆ ಕೊರೊನಾ ಕಾಲವೇ ಸಾಕ್ಷಿ. ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನುವ ಔಷಧದ ಬಗ್ಗೆ ಅದೇ ಲ್ಯಾನ್ಸೆಟ್ 2020ರ ಮೇ 22ರಂದು ಪ್ರಕಟಿಸಿದ ಲೇಖನ ಜೂನ್ 4ಕ್ಕೆ ವಾಪಸಾಯಿತು. ಎರಡು ವಾರವೂ ಬದುಕಲಿಲ್ಲ.

ಇದು ನಾಟಿ ಔಷಧದ ಮೇಲಿನ ಹಗೆ ಅಂತ ಕೆಲವರು ನನಗೂ ಹೇಳಿದ್ದಾರೆ. ಅಮೃತಬಳ್ಳಿ ನೋಡಿ. ಅದನ್ನು ತೆಗೆದುಕೊಂಡವರಲ್ಲಿ ಲಿವರ್ ಕೆಟ್ಟಿದೆ ಅಂತ 2021ರಲ್ಲಿ ಮುಂಬೈ ವೈದ್ಯರು 6 ರೋಗಿಗಳ ಬಗ್ಗೆ ಬರೆದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ 6 ಜನರ ವರದಿಯೊಂದನ್ನೇ ಇಟ್ಟುಕೊಂಡು "ಅಮೃತಬಳ್ಳಿ ಲಿವರ್ ಕೆಡಿಸುತ್ತದೆ" ಅಂತ ಬರೆದರೂ ಇದೇ ನಿಯಮ ಅಡ್ಡ ಬರುತ್ತದೆ. ಹೊಗಳಿಕೆಗೂ ತೆಗಳಿಕೆಗೂ ತಕ್ಕಡಿ ಒಂದೇ. ಹಾಗೆ ನಡೆಯದ ಕಡೆ ಜಗಳ ಮಾಡಿ, ನಾನೂ ಬರುತ್ತೇನೆ.

ಈಗ ನಿಮ್ಮ ಸಾಲು. ನಿಯಮ ಇಡೀ ಲೇಖನಕ್ಕಲ್ಲ, ಒಂದೊಂದು ಮಾತಿಗೆ. "ಕೊಪ್ಪಳ ಭಾಗದ ಹಳ್ಳಿಗಳಲ್ಲಿ ಕಾಮಣಿಗೆ ನೆಲನೆಲ್ಲಿ ಕೊಡುತ್ತಾರೆ" ಅನ್ನುವುದು ಜನ ಏನು ಮಾಡುತ್ತಾರೆ ಅನ್ನುವ ಮಾತು. ಇದಕ್ಕೆ ಜಾನಪದ ವೈದ್ಯದ ಮೇಲಿನ ಒಂದು ಒಳ್ಳೆಯ ಪುಸ್ತಕ ಸಾಕು. ತೋಳಿಗೆ ಚುಟಿಗೆ ಹಾಕುವುದು, ಉಪ್ಪು ಎಣ್ಣೆ ಬಿಡಿಸುವ ಪಥ್ಯ, ಇವೂ ಹಾಗೆಯೇ ಬರಬಹುದು, ಬರಲೇಬೇಕು ಅಂತ ನನ್ನ ಆಸೆ. "ನೆಲನೆಲ್ಲಿಯಿಂದ ಕಾಮಣಿ ವಾಸಿಯಾಗುತ್ತದೆ" ಅಂದ ತಕ್ಷಣ ಅದು ವೈದ್ಯಕೀಯ ಮಾತಾಯಿತು, ತಕ್ಕಡಿಗೆ ಹತ್ತಿತು. "ಕೊಡುತ್ತಾರೆ", "ವಾಸಿಯಾಗುತ್ತದೆ", ಎರಡೇ ಕ್ರಿಯಾಪದಗಳ ನಡುವಿನ ಜಗಳ ಇದು. 1988ರ ಪ್ರಯೋಗವನ್ನೂ ಇತಿಹಾಸ ಅಂತ ಸೇರಿಸಬಹುದು, 2011ರ ವಿಮರ್ಶೆ ಏನು ಹೇಳಿತು ಅನ್ನುವ ಸಾಲು ಅದರ ಬೆನ್ನಿಗೇ ಇರಲಿ.

ಅಳಿಸಿದ್ದನ್ನು ಮತ್ತೆ ಮತ್ತೆ ಹಾಕಬೇಡಿ, ಅದರಿಂದ ಖಾತೆಗೆ ತಡೆ ಬೀಳಬಹುದು. ಲೇಖನದ ಚರ್ಚೆ ಪುಟದಲ್ಲಿ ಬರೆಯಿರಿ, ಅಲ್ಲಿ ಉತ್ತರ ಬಾರದಿದ್ದರೆ ಅರಳಿ ಕಟ್ಟೆಯಲ್ಲಿ ಕೇಳಿ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂತು ಮಾತಾಡುವ ಜಾಗಕ್ಕೆ ಆ ಹೆಸರೇ ಇಟ್ಟಿದ್ದಾರೆ.

ಮತ್ತೆ, ಮಳೆ ಬಿದ್ದ ಮೇಲೆ ನಿಮ್ಮ ಹೊಲದ ಬದುವಿನಲ್ಲಿ ನೆಲನೆಲ್ಲಿ ಎದ್ದಿರುತ್ತದಲ್ಲ, ಎಲೆಯ ಅಡಿಯಲ್ಲಿ ಸಾಲಾಗಿ ಸಣ್ಣ ಕಾಯಿ ಕಾಣುವ ಹಾಗೆ ಒಂದು ಫೋಟೋ ಹೊಡೆದು ಹಾಕಿ. ಅದಕ್ಕೆ ಯಾರೂ ಕಾಕ್ರೇನ್ ಕೇಳುವುದಿಲ್ಲ.