ಧೂಳಿನ ವರದಿಯಲ್ಲಿ ಪದ ಬದಲಿಸಬೇಡ್ರಪ್ಪಾ

ಭೋಸರಿ, ಚಾಕಣ ಕಡೆಯ ಫೌಂಡ್ರಿಗಳಲ್ಲಿ (ಲೋಹ ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ) ಧೂಳು ಅಳೆದ ಮೇಲೆ ಬರೆಯುವ ಇಂಗ್ಲಿಷ್ ವರದಿಗಳನ್ನು ಓದಿ ಸಹಿ ಹಾಕುವುದು ನನ್ನ ಕೆಲಸ. ಪುಣೆಯ ನಮ್ಮ ಲ್ಯಾಬಿನಲ್ಲಿ ಬರೆಯುವ ಹುಡುಗರು ಹೆಚ್ಚಿನವರು ಬೆಳಗಾವಿ, ವಿಜಯಪುರದವರು. ಲೆಕ್ಕದಲ್ಲಿ ಗಟ್ಟಿ. ನನ್ನ ತಲೆ ತಿನ್ನುವುದು 'ಡಸ್ಟ್', 'ಪಾರ್ಟಿಕಲ್'ಗಳ ಹಿಂದೆ ಅವರು ತಂದು ಕೂರಿಸುವ ವಿಶೇಷಣ.

ಮೊದಲ ಪುಟದಲ್ಲಿ 'ರೆಸ್ಪಿರಬಲ್ ಡಸ್ಟ್'. ಮುಂದಿನ ಪುಟದಲ್ಲಿ ಅದೇ 'ಫೈನ್ ಡಸ್ಟ್'. ಕೋಷ್ಟಕದ ಕೆಳಗೆ 'ಟೈನಿ ಪಾರ್ಟಿಕಲ್ಸ್', ಕೊನೆಗೆ 'ಸಸ್ಪೆಂಡೆಡ್ ಪಾರ್ಟಿಕಲ್ಸ್'. ಅಳೆದದ್ದು ಮಾತ್ರ ಒಂದೇ ಧೂಳು. ಯಾಕಪ್ಪಾ ಹೀಗೆ ಅಂತ ಕೇಳಿದರೆ, "ಸರ್, ಅದ ಶಬ್ದ ಎಷ್ಟ ಸಲ ಬರೀಬೇಕ್ರಿ? ಓದವ್ರಿಗೆ ಬ್ಯಾಸರ ಆಗ್ತೈತಿ" ಅನ್ನುತ್ತಾನೆ ಬರೆದ ಹುಡುಗ. ಹೈಸ್ಕೂಲಿನ ಮಾಸ್ತರರು ಪ್ರಬಂಧಕ್ಕೆಂದು ಹೇಳಿಕೊಟ್ಟದ್ದು ಇಲ್ಲಿಯವರೆಗೂ ಬಂದಿದೆ.

ವರದಿಯಲ್ಲಿ ಈ ಪದಜೋಡಿಗಳು ವರ್ಣನೆಯಲ್ಲ, ಅಳತೆ. ವಾಯುಮಾಲಿನ್ಯದ ಲೆಕ್ಕದಲ್ಲಿ 'ಫೈನ್ ಪಾರ್ಟಿಕಲ್' ಅಂದರೆ 2.5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮತ್ತು ಅದಕ್ಕೂ ಸಣ್ಣದು. 'ಕೋರ್ಸ್' ಅಂದರೆ 2.5ರಿಂದ 10ರವರೆಗೆ. 'ಅಲ್ಟ್ರಾಫೈನ್' 0.1ರ ಕೆಳಗೆ. 'ಸ್ಮಾಲ್', 'ಟೈನಿ', 'ಮೈನ್ಯೂಟ್' ಇವಕ್ಕೆ ಗಡಿಯೇ ಇಲ್ಲ, ಹಾಗಾಗಿ ವರದಿಯಲ್ಲಿ ಕೆಲಸವೂ ಇಲ್ಲ. ಅದೇ 'ಫೈನ್' ಸಿವಿಲ್ ಎಂಜಿನಿಯರರ ಕೈಗೆ ಹೋದರೆ, ಕಾಂಕ್ರೀಟಿನ 'ಫೈನ್ ಅಗ್ರಿಗೇಟ್' ಆಗಿ 4.75 ಮಿಲಿಮೀಟರ್ ಜರಡಿ ದಾಟುವ ಮರಳಾಗುತ್ತದೆ. ಮಣ್ಣು ಪರೀಕ್ಷಿಸುವವರ 'ಫೈನ್ ಗ್ರೇನ್ಡ್' 75 ಮೈಕ್ರಾನಿನ ಕೆಳಗಿನದು. ಪಕ್ಕದ ನಾಮಪದ ನೋಡದೆ 'ಫೈನ್' ಮುಟ್ಟಬಾರದು.

'ರೆಸ್ಪಿರಬಲ್' ಇನ್ನೂ ನಾಜೂಕು. ಶ್ವಾಸಕೋಶದ ತುದಿಯ ಗಾಳಿಗೂಡಿನವರೆಗೆ ಇಳಿಯಬಲ್ಲ ಪಾಲು ಅದು. ಕೆಲಸಗಾರನ ಸೊಂಟದ ಬೆಲ್ಟಿಗೆ ಪಂಪ್, ಕಾಲರಿಗೆ ಹೆಬ್ಬೆರಳಿನಷ್ಟು ಸೈಕ್ಲೋನ್, ಅಂದರೆ ಗಾಳಿಯನ್ನು ಸುತ್ತಿಸಿ ಕಣ ಬೇರ್ಪಡಿಸುವ ಸಾಧನ. ದಪ್ಪ ಕಣ ಅದರ ತಳಕ್ಕೆ ಬೀಳುತ್ತದೆ, ನಯವಾದದ್ದು ಮೇಲಿನ ಬಿಳಿ ಫಿಲ್ಟರಿನಲ್ಲಿ ಕೂರುತ್ತದೆ. 4 ಮೈಕ್ರಾನಿನ ಕಣಗಳಲ್ಲಿ ಸುಮಾರು ಅರ್ಧ ಮಾತ್ರ ಫಿಲ್ಟರ್ ತಲುಪುವಂತೆ ಅದನ್ನು ಹೊಂದಿಸಿರುತ್ತಾರೆ. ಸೈಕ್ಲೋನ್ ಇಲ್ಲದೆ ಹಿಡಿದದ್ದನ್ನು 'ಟೋಟಲ್ ಡಸ್ಟ್' ಅನ್ನುತ್ತೇವೆ.

ಪದ ತಪ್ಪಿದರೆ ಏನಾಗುತ್ತದೆ? 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿ ಕ್ವಾರ್ಟ್ಜ್ (ಮರಳಿನಲ್ಲಿರುವ ಸಿಲಿಕಾ) ಧೂಳಿನ ಮಿತಿಗೆ ಬೇರೆ ಬೇರೆ ಸೂತ್ರ ಇದ್ದವು. ರೆಸ್ಪಿರಬಲ್ ಆದರೆ ಕ್ವಾರ್ಟ್ಜಿನ ಶೇಕಡಾ ಪ್ರಮಾಣಕ್ಕೆ 2 ಕೂಡಿಸಿ, ಬಂದದ್ದರಿಂದ 10ನ್ನು ಭಾಗಿಸಬೇಕಿತ್ತು. ಟೋಟಲ್ ಆದರೆ 3 ಕೂಡಿಸಿ 30ನ್ನು. ಎರಡರಲ್ಲೂ ಕ್ವಾರ್ಟ್ಜ್ ಶೇ. 20 ಅಂತಲೇ ಇಟ್ಟುಕೊಳ್ಳಿ (ನಿಜದಲ್ಲಿ ಬೇರೆ ಇರಬಹುದು). ಮಿತಿ ಒಂದಕ್ಕೆ ಘನ ಮೀಟರಿಗೆ 0.45 ಮಿಲಿಗ್ರಾಂ, ಇನ್ನೊಂದಕ್ಕೆ 1.30. ನಿಮ್ಮ ಫಲಿತಾಂಶ 0.8 ಬಂದಿದ್ದರೆ, ಒಂದು ಪದದಲ್ಲಿ ಮಿತಿ ಮೀರಿತು, ಇನ್ನೊಂದರಲ್ಲಿ ಮೀರಲಿಲ್ಲ. ಅಂಥ ಒಂದು ಕರಡು ಓದಿದ ಸೇಫ್ಟಿ ಆಫೀಸರರು ಫೋನ್ ಮಾಡಿ, "ಸಾಹೇಬ್ರೇ, ನಮ್ಮ ಶಾಪ್ ಪಾಸಾ, ಫೇಲಾ?" ಅಂದರು. ನ್ಯಾಯವಾದ ಪ್ರಶ್ನೆ.

ಹಳೆಯ ವರದಿಯಿಂದ ನಕಲು ಮಾಡುವವರಿಗೆ ಇನ್ನೊಂದು ಹೊಂಡ ಇದೆ. ನಮ್ಮ ದೇಶದ ಹೊರಗಾಳಿಯ ಮಾನದಂಡದಲ್ಲಿ 'ರೆಸ್ಪಿರಬಲ್ ಪಾರ್ಟಿಕ್ಯುಲೇಟ್ ಮ್ಯಾಟರ್' ಅಂದರೆ 10 ಮೈಕ್ರಾನಿಗಿಂತ ಸಣ್ಣದು ಎಂದಿತ್ತು. 2009ರ ಅಧಿಸೂಚನೆ ಬಂದ ಮೇಲೆ ಪಿಎಂ 10, ಪಿಎಂ 2.5 (ಪಿಎಂ ಅಂದರೆ ಪಾರ್ಟಿಕ್ಯುಲೇಟ್ ಮ್ಯಾಟರ್, ಗಾಳಿಯಲ್ಲಿನ ಕಣಗಳು) ಎಂದೇ ಬರೆಯುತ್ತೇವೆ. ಆ ರೆಸ್ಪಿರಬಲ್ಲೇ ಬೇರೆ, ಫೌಂಡ್ರಿಯ ರೆಸ್ಪಿರಬಲ್ಲೇ ಬೇರೆ.

ಹುಡುಗರಿಗೆ ಬಣ್ಣದ ಇಂಗ್ಲಿಷ್ ಬೇಕೇ ಬೇಕೆಂದರೆ ವರದಿಯ ಹೊರಗೆ ಬರೆಯಲಿ, ಓದಲು ನನಗೂ ಖುಷಿ. ಮರಳಿಗೆ 'ಗ್ರೇನ್', ಧೂಳಿಗೆ 'ಸ್ಪೆಕ್', ಬ್ರೆಡ್ಡಿಗೆ 'ಕ್ರಂಬ್', ಬೂದಿಗೆ 'ಫ್ಲೇಕ್'. ಅಲ್ಲಿ ಮೈಕ್ರಾನ್ ಇಲ್ಲ, ರೂಢಿ ಮಾತ್ರ. ವಿಜಯಪುರದ ಒಬ್ಬ 'ಎ ಪೀಸ್ ಆಫ್ ಡಸ್ಟ್' ಅಂತ ಬರೆದಿದ್ದ. ಚಾ ಕುಡಿಯುತ್ತ ಎಲ್ಲರೂ ಕಾಡಿದೆವು, ಪಾಪ.

ವರದಿಯಲ್ಲಿ ಮಾತ್ರ, ಸ್ಯಾಂಪ್ಲಿಂಗ್ ಹಾಳೆಯಲ್ಲಿ ಯಾವ ಜೋಡಿ ಇದೆಯೋ ಅದನ್ನೇ ಕೊನೆಯ ಪುಟದವರೆಗೂ ಬರೆಯಿರಿ, ಬೇಸರವಾದರೆ ಆಗಲಿ. ಸೈಕ್ಲೋನ್ ಹಾಕಿತ್ತೋ ಇಲ್ಲವೋ ಅಂತ ಹಾಳೆಯಲ್ಲಿ ಇಲ್ಲದಿದ್ದರೆ ಯಾವ ಪದವನ್ನೂ ಊಹಿಸದೆ, ಸ್ಯಾಂಪಲ್ ತೆಗೆದವನಿಗೆ ಫೋನ್ ಹಚ್ಚಿ.