ಮಂಪರಿಲ್ಲದೆ ಎಂಡೋಸ್ಕೋಪಿ: ಹೆದರುವವರಿಗೂ ಸಾಧ್ಯವೇ?

ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಅನ್ನನಾಳ, ಜಠರಗಳ ಒಳಗನ್ನು ನೋಡುವ ಪರೀಕ್ಷೆ ಎಂಡೋಸ್ಕೋಪಿ. ಅದನ್ನು ಮಾಡುವ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತವರಲ್ಲಿ ಹಿಂದಿನ ರಾತ್ರಿ ನಿದ್ದೆ ಬಾರದವರು ಯಾರು ಎಂಬುದು ನೋಡಿದೊಡನೆ ತಿಳಿಯುತ್ತದೆ. ಅರಸೀಕೆರೆ ಕಡೆಯಿಂದ ಬಂದಿದ್ದ ಐವತ್ತರ ಆಸುಪಾಸಿನ ಶಿಕ್ಷಕಿಯೊಬ್ಬರು ಅಂದು ಒಪ್ಪಿಗೆ ಪತ್ರವನ್ನು ಮಡಿಚಿ ಮಡಿಚಿ ಬೆರಳಗಲದ ಪಟ್ಟಿಯನ್ನಾಗಿ ಮಾಡಿಕೊಂಡು ಕುಳಿತಿದ್ದರು. ಆರು ತಿಂಗಳಿಂದ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ಜೊತೆಗೆ ಯಾರೂ ಬಂದಿರಲಿಲ್ಲ. ಸಂಜೆಯ ರೈಲಿಗೆ ಒಬ್ಬರೇ ಹಿಂದಿರುಗಬೇಕಿತ್ತು. ಹಾಗಾಗಿ ಅವರಿಗೆ ಮಂಪರಿನ ಇಂಜೆಕ್ಷನ್ ಕೊಡುವಂತಿರಲಿಲ್ಲ. "ಡಾಕ್ಟ್ರೇ, ನನಗೆ ಹಲ್ಲುಜ್ಜುವಾಗಲೇ ವಾಕರಿಕೆ ಬರುತ್ತೆ. ಪೈಪು ಒಳಗಿರುವಾಗ ಉಸಿರು ಕಟ್ಟಿದರೆ ಏನು ಮಾಡಲಿ?" ಎಂದು ಕೇಳಿದರು.

ಈ ಒಂದು ಪ್ರಶ್ನೆಯೊಳಗೆ ಎರಡು ಭಯಗಳಿವೆ, ಎರಡಕ್ಕೂ ಬೇರೆ ಬೇರೆ ಉತ್ತರ ಕೊಡಬೇಕು. ಉಸಿರಿನ ಭಯ ಮೊದಲನೆಯದು. ಎಂಡೋಸ್ಕೋಪ್ ಇಳಿಯುವುದು ಅನ್ನನಾಳಕ್ಕೆ. ಗಾಳಿ ಹೋಗುವ ಶ್ವಾಸನಾಳ ಅದರ ಮುಂದೆ ಪ್ರತ್ಯೇಕವಾಗಿದೆ. ಕೊಳವೆಯ ದಪ್ಪ ಸುಮಾರು 9ರಿಂದ 10 ಮಿಲಿಮೀಟರ್. ಹಾಸನ ಸೀಮೆಯವರು ಅಗಿಯದೆ ನುಂಗುವ ಮುದ್ದೆಯ ತುತ್ತು ಇದಕ್ಕಿಂತ ದಪ್ಪಗಿರುತ್ತದೆ. ಮೂಗಿನಿಂದ ಉಸಿರಾಟ ಎಂದಿನಂತೆ ನಡೆಯುತ್ತಲೇ ಇರುತ್ತದೆ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಉದ್ದಕ್ಕೂ ತೋರಿಸುತ್ತಿರುತ್ತದೆ.

ವಾಕರಿಕೆಯ ಭಯಕ್ಕೆ ಮಾತ್ರ ನಾನು "ಏನೂ ಆಗಲ್ಲ" ಎಂದು ಎಂದೂ ಉತ್ತರಿಸುವುದಿಲ್ಲ. ನಮ್ಮ ವೃತ್ತಿಯಲ್ಲಿ ಬಹಳ ಸಲೀಸಾಗಿ ಬಳಕೆಯಾಗುವ ಈ ಮಾತಿನಿಂದ ಹಾನಿಯೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಮೊದಲ ವಾಕರಿಕೆ ಬಂದ ಕ್ಷಣವೇ ರೋಗಿಗೆ ವೈದ್ಯರ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ, ಮುಂದಿನ ಐದು ನಿಮಿಷ ಅವರು ಒಬ್ಬಂಟಿಯಾಗಿಬಿಡುತ್ತಾರೆ. ವಾಕರಿಕೆ ಬರುತ್ತದೆ. ಕಣ್ಣಲ್ಲಿ ನೀರು ಬರುತ್ತದೆ, ಜೊಲ್ಲು ಸುರಿಯುತ್ತದೆ, ಒಳಗೆ ಗಾಳಿ ತುಂಬುವುದರಿಂದ ಜೋರಾಗಿ ತೇಗು ಬರುತ್ತದೆ. ಇದ್ಯಾವುದೂ ಅಪಾಯದ ಲಕ್ಷಣವಲ್ಲ, ಇದಕ್ಕೆ ನಾಚಿಕೊಳ್ಳಬೇಕಾಗಿಯೂ ಇಲ್ಲ. ನಾಲಿಗೆಯ ಬುಡ ಮತ್ತು ಗಂಟಲಿನ ಹಿಂಗೋಡೆಯ ನರಗಳು ಅಪರಿಚಿತ ವಸ್ತುವನ್ನು ಹೊರದಬ್ಬಲು ಹೂಡುವ ಪ್ರತಿಕ್ರಿಯೆ ಅದು. ಹಲ್ಲುಗಳಿಂದ ಸುಮಾರು 15 ಸೆಂಟಿಮೀಟರ್ ಒಳಗೆ, ಅನ್ನನಾಳದ ಬಾಯಲ್ಲಿ, ಒಂದು ಸ್ನಾಯುವಿನ ಉಂಗುರ ಸದಾ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ನುಂಗಿದಾಗ ಮಾತ್ರ ಸಡಿಲಗೊಳ್ಳುತ್ತದೆ. ವೈದ್ಯರು "ನುಂಗಿ" ಎಂದಾಗ ಒಮ್ಮೆ ನುಂಗಿದರೆ ಕೊಳವೆ ಆ ಬಾಗಿಲನ್ನು ದಾಟುತ್ತದೆ. ಕಷ್ಟದ ಘಟ್ಟವೆಂದರೆ ಆ ಹತ್ತು ಹದಿನೈದು ಸೆಕೆಂಡುಗಳು. ಅಲ್ಲಿಂದಾಚೆಗೆ ವಾಕರಿಕೆ ಬಹಳಷ್ಟು ಮಂದಿಯಲ್ಲಿ ತಗ್ಗುತ್ತದೆ.

ನಾನು ಗಮನಿಸಿರುವಂತೆ ಹೆದರುವವರು ನಿಜವಾಗಿ ಕಂಗೆಡುವುದು ಕೊಳವೆ ಬಾಯಿಗೆ ಬರುವ ಮೊದಲೇ, ಗಂಟಲಿಗೆ ಮರಗಟ್ಟಿಸುವ ಲಿಗ್ನೋಕೇನ್ ಸ್ಪ್ರೇ ಹೊಡೆದ ಒಂದೆರಡು ನಿಮಿಷದಲ್ಲಿ. ಔಷಧ ಕಹಿ, ನಾಲಿಗೆ ದಪ್ಪವಾದಂತೆ, ಗಂಟಲು ಊದಿ ಮುಚ್ಚಿಕೊಂಡಂತೆ, ಎಂಜಲು ನುಂಗಲಾಗದಂತೆ ಭಾಸವಾಗುತ್ತದೆ. ಗಂಟಲು ನಿಜಕ್ಕೂ ಊದಿರುವುದಿಲ್ಲ, ಸ್ಪರ್ಶದ ಅರಿವು ಮಾತ್ರ ಹೋಗಿರುತ್ತದೆ. ಸ್ಪ್ರೇ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು ಎಂದು ಮೊದಲೇ ತಿಳಿದಿದ್ದರೆ ಈ ಹಂತದಲ್ಲಿ ಎದ್ದು ಕುಳಿತುಬಿಡುವ ಪ್ರಸಂಗಗಳು ಕಡಿಮೆಯಾಗುತ್ತವೆ.

ಮಂಪರಿನ ಇಂಜೆಕ್ಷನ್ ಬೇಡವೆಂದು ನಾನು ವಾದಿಸುತ್ತಿಲ್ಲ. ಮಿಡಜೋಲಾಮ್‌ನಂಥ ಔಷಧ ಆತಂಕವನ್ನು ಇಳಿಸುತ್ತದೆ, ನಡೆದದ್ದರ ನೆನಪನ್ನೂ ಬಹುಮಟ್ಟಿಗೆ ಅಳಿಸುತ್ತದೆ. ಆದರೆ ಅದು ಪೂರ್ಣ ಅರಿವಳಿಕೆಯಲ್ಲ, ಉಸಿರಾಟವನ್ನು ಸ್ವಲ್ಪ ಕುಗ್ಗಿಸಬಲ್ಲದು. ಅದನ್ನು ಪಡೆದವರು ಜೊತೆಗಾರರಿಲ್ಲದೆ ಮನೆಗೆ ಹೋಗುವಂತಿಲ್ಲ. ಮುಂದಿನ 24 ಗಂಟೆ ವಾಹನ ಓಡಿಸಬಾರದು, ಮುಖ್ಯವಾದ ಕಾಗದಪತ್ರಗಳಿಗೆ ಸಹಿ ಹಾಕಬಾರದು. ಹಿಂದೆ ತೀವ್ರವಾದ ಪ್ಯಾನಿಕ್ ಬಂದವರು, ಬಾಯಿಗೆ ಏನನ್ನಾದರೂ ಹಾಕಿಸಿಕೊಳ್ಳುವುದೇ ಹಳೆಯ ಆಘಾತವನ್ನು ಕೆದಕುವಂಥವರು, ಚಿಕ್ಕ ಮಕ್ಕಳು, ಪಿತ್ತನಾಳದ ಕಲ್ಲು ತೆಗೆಯುವಂಥ ದೀರ್ಘ ಚಿಕಿತ್ಸೆಗೆ ಬಂದವರು ಮಂಪರು ಅಥವಾ ಅರಿವಳಿಕೆಯನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಮೂಗಿನ ಮೂಲಕ ಹಾಕುವ 5ರಿಂದ 6 ಮಿಲಿಮೀಟರ್‌ನ ತೆಳು ಕೊಳವೆಯೂ ಉಂಟು. ಅದು ನಾಲಿಗೆಯ ಬುಡವನ್ನು ಅಷ್ಟಾಗಿ ತಾಕದ ಕಾರಣ ವಾಕರಿಕೆ ಕಡಿಮೆ. ಉಳಿದವರ ವಿಷಯದಲ್ಲಿ, ಬರೀ ಆತಂಕವಿದೆ ಎಂಬ ಕಾರಣಕ್ಕೆ ಮಂಪರಿಲ್ಲದ ಪರೀಕ್ಷೆ ತಮ್ಮಿಂದಾಗದು ಎಂದು ಮೊದಲೇ ತೀರ್ಮಾನಿಸಬೇಕಾಗಿಲ್ಲ. ಬಾಗುವ ಎಂಡೋಸ್ಕೋಪನ್ನು ಅಮೆರಿಕದ ಮಿಷಿಗನ್‌ನಲ್ಲಿ ರೂಪಿಸಿದ ಬೇಸಿಲ್ ಹಿರ್ಶೋವಿಟ್ಸ್ 1957ರಲ್ಲಿ ಅದನ್ನು ರೋಗಿಗೆ ಹಾಕುವ ಮುನ್ನ ತಾವೇ ನುಂಗಿ ನೋಡಿದ್ದರು. ನಾನೂ ಒಮ್ಮೆ ಮಂಪರಿಲ್ಲದೆ ಮಾಡಿಸಿಕೊಂಡಿದ್ದೇನೆ. ಇಂದಿಗೂ ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿರುವುದು ಸಿಸ್ಟರ್ ನನ್ನ ಭುಜದ ಮೇಲಿಟ್ಟಿದ್ದ ಕೈ.

ಸಿದ್ಧತೆಯ ವಿಚಾರ ಸರಳ. ಆರರಿಂದ ಎಂಟು ಗಂಟೆ ಏನೂ ತಿಂದಿರಬಾರದು. ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮುಂಚಿನವರೆಗೆ ಕುಡಿಯಬಹುದು. ಸಕ್ಕರೆ ಕಾಯಿಲೆಯ ಔಷಧ, ರಕ್ತ ತೆಳುವಾಗಿಸುವ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ ಇವುಗಳ ಬಗ್ಗೆ ದಿನ ಗೊತ್ತುಮಾಡುವಾಗಲೇ ಹೇಳಬೇಕು. ಕಟ್ಟಿಸಿದ ಹಲ್ಲಿನ ಸೆಟ್ಟು, ಅಲ್ಲಾಡುವ ಹಲ್ಲು, ಹಲ್ಲಿನ ಡಾಕ್ಟರ ಬಳಿ ಮರಗಟ್ಟುವ ಇಂಜೆಕ್ಷನ್‌ನಿಂದ ತೊಂದರೆಯಾಗಿದ್ದರೆ ಅದನ್ನೂ ತಿಳಿಸಬೇಕು. ಹೆದರಿಕೆಯಿದೆ ಎಂಬುದನ್ನೂ ಅಷ್ಟೇ ಮುಖ್ಯ ಮಾಹಿತಿಯೆಂದು ಹೇಳಿ, ಬೆಳಗಿನ ಮೊದಲ ಸರದಿ ಕೇಳಿಕೊಳ್ಳಿ. ಕಾದಷ್ಟೂ ಭಯ ಬೆಳೆಯುತ್ತದೆ.

ಆ ಶಿಕ್ಷಕಿಯೊಡನೆ ನಾನು ಒಂದು ಒಪ್ಪಂದ ಮಾಡಿಕೊಂಡೆ. ಎಡಮಗ್ಗುಲಿಗೆ ಮಲಗಿಸುವುದರಿಂದ ಬಲಗೈ ಬಿಡುವಾಗಿರುತ್ತದೆ. ಅವರು ಬಲಗೈ ಎತ್ತಿದರೆ ನಾನು ಅಲ್ಲೇ ನಿಲ್ಲಿಸುತ್ತೇನೆ, ಬೇಡವೆಂದರೆ ಕೊಳವೆಯನ್ನು ಹೊರತೆಗೆಯುತ್ತೇನೆ, ಮತ್ತೊಂದು ದಿನ ಜೊತೆಗಾರರೊಂದಿಗೆ ಬಂದರೆ ಮಂಪರು ಕೊಟ್ಟು ಮಾಡುತ್ತೇನೆ. ನಿಲ್ಲಿಸುವ ಹಕ್ಕು ತಮ್ಮ ಕೈಯಲ್ಲೇ ಇದೆ ಎಂದು ಖಾತ್ರಿಯಾದವರು ಅದನ್ನು ಬಳಸುವುದು ಅಪರೂಪ. ಹಲ್ಲುಗಳ ನಡುವೆ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ತುಂಡು ಇಟ್ಟ ಮೇಲೆ ಗಲ್ಲವನ್ನು ಎದೆಯತ್ತ ತಗ್ಗಿಸಲು, ಕಣ್ಣು ತೆರೆದು ಗೋಡೆಯ ಗಡಿಯಾರವನ್ನೇ ನೋಡಲು ಹೇಳಿದೆ. ಕಣ್ಣು ಮುಚ್ಚಿದರೆ ಗಮನವೆಲ್ಲ ಗಂಟಲಿಗೇ ಹೋಗುತ್ತದೆ. ಜೊಲ್ಲನ್ನು ನುಂಗದೆ ಕೆನ್ನೆಯ ಕೆಳಗಿನ ಟವಲ್ಲಿಗೆ ಹರಿಯಲು ಬಿಡಬೇಕು. ನುಂಗಲು ಹೋದರೆ ಕೆಮ್ಮು ಬರುತ್ತದೆ. ಮೂಗಿನಿಂದ ಉಸಿರೆಳೆದು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು.

ಕೊಳವೆ ಆ ಸ್ನಾಯುವಿನ ಉಂಗುರ ದಾಟುವಾಗ ಅವರಿಗೆ ಮೂರು ಬಾರಿ ವಾಕರಿಕೆ ಬಂತು. ಬಲಗೈ ಮಂಚದಿಂದ ಒಂದಂಗುಲ ಮೇಲೆದ್ದು, ನಾನು ಚಲನೆ ನಿಲ್ಲಿಸಿದ ಮೇಲೆ, ಮೆಲ್ಲನೆ ಕೆಳಗಿಳಿಯಿತು. ಸಿಸ್ಟರ್ ಅವರ ಭುಜ ಹಿಡಿದು "ಉಸಿರು ಬಿಡಿ ಅಮ್ಮ, ಇನ್ನೂ ನಿಧಾನಕ್ಕೆ" ಎನ್ನುತ್ತಿದ್ದರು. ಜಠರದ ತುದಿಯಲ್ಲಿ ಕೆಂಪಗಾದ ಸಣ್ಣ ಹುಣ್ಣು ಕಂಡಿತು. ಅಲ್ಲಿಂದ ಚೂರು ಮಾಂಸ ಕಿತ್ತು ತೆಗೆದದ್ದು ಅವರ ಅರಿವಿಗೇ ಬರಲಿಲ್ಲ, ಏಕೆಂದರೆ ಜಠರದ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ಒಂದು ಚೂರನ್ನು, ಜಠರದಲ್ಲಿ ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಪರೀಕ್ಷೆಯ ಹಳದಿ ದ್ರಾವಣಕ್ಕೆ ಹಾಕಿದೆವು, ಉಳಿದವನ್ನು ಲ್ಯಾಬಿಗೆ ಕಳುಹಿಸಿದೆವು. ಕೊಳವೆ ಹೊರಬಂದಾಗ ಅವರು ನೋಡುತ್ತಿದ್ದ ಗಡಿಯಾರದಲ್ಲಿ ಆರು ನಿಮಿಷ ಕಳೆದಿತ್ತು. ಅವರು ಮುಖ ಒರೆಸಿಕೊಂಡು ಕುಳಿತುಕೊಳ್ಳುವಷ್ಟರಲ್ಲಿ ಹಳದಿ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗತೊಡಗಿತ್ತು, ಸೋಂಕು ಇದೆ ಎಂಬುದಕ್ಕೆ ಅದೇ ಗುರುತು.

ಮರಗಟ್ಟಿದ ಗಂಟಲಿಗೆ ನೀರು ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದು ತಿಳಿಯುವುದಿಲ್ಲವಾದ್ದರಿಂದ ಸುಮಾರು ಒಂದು ಗಂಟೆ ಏನನ್ನೂ ಸೇವಿಸಬಾರದು. ಗಂಟಲು ಒಂದೆರಡು ದಿನ ಕೆರೆದಂತಿರುವುದು ಸಹಜ. ಎದೆಯಲ್ಲಿ ಅಥವಾ ಹೊಟ್ಟೆಯಲ್ಲಿ ತೀವ್ರ ನೋವು, ಕತ್ತಿನ ಊತ, ಜ್ವರ, ರಕ್ತವಾಂತಿ, ಕಪ್ಪು ಮಲ ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಬರಬೇಕು. ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಟ್ಟೆ. ಒಂದು ಗಂಟೆಯ ನಂತರ ಅವರು ಒಂದು ಗುಟುಕು ನೀರು ಕುಡಿದು ನೋಡಿದರು, ಕೆಮ್ಮು ಬರಲಿಲ್ಲ. ಕ್ಯಾಂಟೀನಿನ ಕಾಫಿಯನ್ನು ಆರಿಸಿಕೊಂಡು ಕುಡಿಯುವಂತೆ ಸಿಸ್ಟರ್ ಹೇಳಿ ಕಳುಹಿಸಿದರು.