ಭೂಮಿ ಹುಣ್ಣಿಮೆ ದಿನ ಹುಟ್ಟಿದವಳ ಹುಟ್ಟುಹಬ್ಬ ಯಾವತ್ತು?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಮಗಳು ಹುಟ್ಟಿದ್ದು 2005ರ ಅಕ್ಟೋಬರ್ 17ರ ಬೆಳಗಿನ ಜಾವ. ಅವತ್ತು ಭೂಮಿ ಹುಣ್ಣಿಮೆ, ಗದ್ದೆಗೆ ಪೂಜೆ ಮಾಡುವ ಆಶ್ವಯುಜದ ಹುಣ್ಣಿಮೆ. ನಾನು ಆಸ್ಪತ್ರೆಯಲ್ಲಿ, ಮನೆಯವರೆಲ್ಲ ಬುಟ್ಟಿ ಹೊತ್ತು ಗದ್ದೆಯಲ್ಲಿ. ಮಾರನೇ ವರ್ಷದಿಂದ ಹಬ್ಬ ಒಂದು ದಿನ, ಹುಟ್ಟುಹಬ್ಬ ಇನ್ನೊಂದು ದಿನ. ಎರಡೂ ಒಂದೇ ದಿನ ಬರುವುದು ಯಾವಾಗ? ಬರದ ವರ್ಷ ಯಾವುದನ್ನು ಸರಿ ಅಂತ ಇಟ್ಟುಕೊಳ್ಳಬೇಕು?

ಉತ್ತರ: ಒಮ್ಮೆ ಬಂದು ಹೋಗಿದೆ ನೋಡಿ. 2024ರ ಅಕ್ಟೋಬರ್ 17ರಂದು ಭೂಮಿ ಹುಣ್ಣಿಮೆಯೇ ಇತ್ತು. ನಿಮ್ಮ ಮಗಳಿಗೆ ಅವತ್ತು ಸರಿಯಾಗಿ 19 ತುಂಬಿತು. 2005ರಿಂದ 19 ವರ್ಷ ಹಿಂದಕ್ಕೆ ಹೋದರೆ 1986. ಆ ವರ್ಷವೂ ಭೂಮಿ ಹುಣ್ಣಿಮೆ ಅಕ್ಟೋಬರ್ 17ಕ್ಕೇ ಬಿದ್ದಿತ್ತು. ಆ ರಾತ್ರಿ ಪೂರ್ಣ ಚಂದ್ರಗ್ರಹಣವೂ ಇತ್ತು.

ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ತುಂಬಾ ಜನ ಕೇಳುತ್ತಾರೆ. ಕೆಲವರು ದೀಪಾವಳಿ ದಿನ ಹುಟ್ಟಿದವರು, ಕೆಲವರು ಗೌರಿ ಹಬ್ಬದ ದಿನ ಹುಟ್ಟಿದವರು. ಎಲ್ಲರಿಗೂ ಒಂದೇ ಲೆಕ್ಕ, 19 ವರ್ಷ. ಆ 19 ಎಲ್ಲಿಂದ ಬಂತು ಅಂತ ತಿಳಿದರೆ ಪಂಚಾಂಗ ನೋಡುವ ಕಣ್ಣೇ ಬದಲಾಗುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಹುಣ್ಣಿಮೆಗೆ 354 ದಿನ. ಗೋಡೆಯ ಮೇಲಿನ ಕ್ಯಾಲೆಂಡರ್ ನಡೆಯುವುದು ಸೂರ್ಯನ ಲೆಕ್ಕದಲ್ಲಿ, ಅದಕ್ಕೆ 365 ದಿನ ಬೇಕು. ಅಲ್ಲಿಗೆ ವರ್ಷಕ್ಕೆ 11 ದಿನ ವ್ಯತ್ಯಾಸ. ನಿಮ್ಮ ಮಗಳ ಮೊದಲ ಹುಟ್ಟುಹಬ್ಬದ ವರ್ಷ, ಅಂದರೆ 2006ರಲ್ಲಿ, ಹುಣ್ಣಿಮೆ ಅಕ್ಟೋಬರ್ 7ರ ಹೊತ್ತಿಗೇ ಬಂದುಬಿಟ್ಟಿತು. ಹೀಗೇ ಹಿಂದೆ ಹಿಂದೆ ಬರುತ್ತಾ ಹೋದರೆ ಏನಾಗುತ್ತಿತ್ತು?

ಭೂಮಿ ಹುಣ್ಣಿಮೆ ಗೊತ್ತಿರುವವರಿಗೆ ಇದರ ಉತ್ತರ ಕಣ್ಣೆದುರಿಗೇ ಇದೆ. ಅದು ಹೊಡೆ ತುಂಬಿದ ಭತ್ತಕ್ಕೆ ಮಾಡುವ ಸೀಮಂತ. ಬಸುರಿ ಹೆಣ್ಣಿಗೆ ಬಯಕೆ ಊಟ ಹಾಕಿದ ಹಾಗೆ ಭೂಮಿತಾಯಿಗೆ ಎಡೆ ಇಡುವುದು. ಹೆಂಗಸರು ವಾರದ ಮುಂಚೆಯೇ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಗದ್ದೆ, ಏಣಿ, ಬಳ್ಳಿ, ಭತ್ತದ ತೆನೆ, ಒಂದೊಂದೂ ಕೂದಲೆಳೆಯಷ್ಟು ಸಣ್ಣ ಗೆರೆ. ರಾತ್ರಿಯಿಡೀ ಒಲೆ ಉರಿಯುತ್ತದೆ. ಹಿತ್ತಲಲ್ಲಿ, ಬೇಲಿಯಲ್ಲಿ, ಕಾಡಂಚಿನಲ್ಲಿ ಸಿಕ್ಕ ಹತ್ತಾರು ಬಗೆ ಸೊಪ್ಪು, ಕುಡಿ ಎಲ್ಲ ಸೇರಿಸಿ ಬೇಯಿಸುತ್ತಾರೆ. ಕತ್ತಲು ಹರಿಯುವ ಮೊದಲೇ ಗದ್ದೆಗೆ ಹೋಗಿ, ಇಬ್ಬನಿಯಲ್ಲಿ ಕಾಲು ನೆನೆಸಿಕೊಂಡು, ಅದನ್ನು ಬೀರುತ್ತಾ "ಹಚ್ಚಂಬ್ಲಿ ಹಾಲಂಬ್ಲಿ" ಅಂತ ಕೂಗುತ್ತಾರೆ. ಹುಣ್ಣಿಮೆ ವರ್ಷಕ್ಕೆ 11 ದಿನ ಹಿಂದಕ್ಕೆ ಜಾರುತ್ತಲೇ ಇದ್ದರೆ ಎಂಟು ವರ್ಷಕ್ಕೆ ಮೂರು ತಿಂಗಳು ಹಿಂದೆ ಬಂದು, ನಾಟಿ ಹೊತ್ತಿಗೆ ಸೀಮಂತ ಮಾಡಬೇಕಾಗುತ್ತಿತ್ತು. ಇನ್ನೂ ಕೆಲವು ವರ್ಷ ಕಳೆದರೆ ಬರಿಗದ್ದೆಗೆ!

ಹಾಗಾಗದಂತೆ ತಡೆಯುವುದೇ ಅಧಿಕ ಮಾಸ. ಚಂದ್ರನ ಲೆಕ್ಕ ಸುಮಾರು ಒಂದು ತಿಂಗಳಷ್ಟು ಹಿಂದೆ ಬಿದ್ದಾಗ ಪಂಚಾಂಗ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸಿಕೊಳ್ಳುತ್ತದೆ. 2007ರಲ್ಲಿ ಅಧಿಕ ಜ್ಯೇಷ್ಠ ಬಂತು. ಹಾಗಾಗಿ ಆ ವರ್ಷ ಭೂಮಿ ಹುಣ್ಣಿಮೆ ಒಂದೇ ನೆಗೆತಕ್ಕೆ ಅಕ್ಟೋಬರ್ 26ಕ್ಕೆ ಹೋಯಿತು. 2020ರಲ್ಲಿ ಅಧಿಕ ಆಶ್ವಯುಜ ಬಂದು ಹುಣ್ಣಿಮೆ ಅಕ್ಟೋಬರ್ 31ಕ್ಕೆ ಹೋಗಿ ನಿಂತಿತು. ಅಧಿಕ ಮಾಸದಲ್ಲಿ ಮದುವೆ ಮುಂಜಿ ಇಲ್ಲ ಅಂತ ನಾವು ಅದನ್ನು ಬೇಡದ ತಿಂಗಳ ಹಾಗೆ ನೋಡುತ್ತೇವೆ. ನನಗಂತೂ ಹಾಗನ್ನಿಸುವುದಿಲ್ಲ. ಹಬ್ಬವನ್ನೂ ಬೆಳೆಯನ್ನೂ ಜೊತೆಗೆ ಕಟ್ಟಿ ಇಟ್ಟಿರುವುದು ಆ ತಿಂಗಳೇ.

ಈಗ 19ಕ್ಕೆ ಬರೋಣ. 19 ವರ್ಷಕ್ಕೆ ಹನ್ನೆರಡರಂತೆ 228 ತಿಂಗಳು. ಆ ಅವಧಿಯಲ್ಲಿ ಬರುವ ಅಧಿಕ ಮಾಸ 7. ಒಟ್ಟು 235 ಚಾಂದ್ರ ತಿಂಗಳು. ಅಷ್ಟಕ್ಕೆ ಆಗುವ ದಿನ 6939.69. ಸೂರ್ಯನ ಲೆಕ್ಕದ 19 ವರ್ಷಕ್ಕೆ 6939.60. ಎರಡರ ನಡುವೆ ಬರೀ ಎರಡು ಗಂಟೆಯ ವ್ಯತ್ಯಾಸ! ಅದಕ್ಕೇ 19 ವರ್ಷಕ್ಕೊಮ್ಮೆ ತಿಥಿ ಮತ್ತು ತಾರೀಕು ಒಂದೇ ಮನೆಗೆ ಬರುತ್ತವೆ. ಅಧಿಕ ಮಾಸವೂ ಹೆಚ್ಚುಕಡಿಮೆ ಹಾಗೇ. 1985, 2004, 2023, ಮೂರೂ ವರ್ಷ ಅಧಿಕ ಶ್ರಾವಣ.

ಆದರೆ ಪ್ರತಿ ಸಲ ಒಂದು ದಿನವೂ ತಪ್ಪದೆ ಕೂಡುತ್ತದೆ ಅಂತ ಹೇಳಲಾರೆ. ನಡುವೆ ಅಧಿಕ ವರ್ಷದ ಫೆಬ್ರವರಿ 29 ಕೆಲವೊಮ್ಮೆ ಐದು, ಕೆಲವೊಮ್ಮೆ ನಾಲ್ಕು ಬರುತ್ತವೆ. ಅದಕ್ಕೆ ತಕ್ಕಂತೆ ಒಂದು ದಿನ ಆಚೀಚೆ ಆಗುತ್ತದೆ. ನಿಮ್ಮ ಮಗಳಿಗೆ 38 ತುಂಬುವ 2043ರಲ್ಲಿ ಹುಣ್ಣಿಮೆ ಅಕ್ಟೋಬರ್ 18ರ ಹೊತ್ತಿಗೆ. 8ನೇ ಮತ್ತು 11ನೇ ವರ್ಷದಲ್ಲೂ ಹತ್ತಿರ ಹತ್ತಿರ ಬಂದು ತಪ್ಪುತ್ತದೆ. 2013ರಲ್ಲಿ ಅಕ್ಟೋಬರ್ 18, 2016ರಲ್ಲಿ ಅಕ್ಟೋಬರ್ 15-16. ನಿಮಗೆ ನೆನಪಿರಬಹುದು, "ಒಂದೇ ದಿನದಲ್ಲಿ ತಪ್ಪಿತಲ್ಲ" ಅಂದುಕೊಂಡಿರುತ್ತೀರಿ.

ಇನ್ನೊಂದು ಸೂಕ್ಷ್ಮ. ತಾರೀಕು ಬದಲಾಗುವುದು ರಾತ್ರಿ ಹನ್ನೆರಡಕ್ಕೆ. ತಿಥಿಗೆ ಅಂಥ ಗೊತ್ತಾದ ಹೊತ್ತಿಲ್ಲ, ಅದು ಹಗಲಲ್ಲೂ ಮುಗಿಯುತ್ತದೆ, ರಾತ್ರಿಯಲ್ಲೂ ಮುಗಿಯುತ್ತದೆ. 2005ರ ಅಕ್ಟೋಬರ್ 17ರಂದು ಹುಣ್ಣಿಮೆ ಮುಗಿದದ್ದು ಸಂಜೆ ಐದೂವರೆ ಸುಮಾರಿಗೆ. ಮಗಳು ಬೆಳಗಿನ ಜಾವ ಹುಟ್ಟಿದ್ದರಿಂದ ಅವಳದ್ದು ಹುಣ್ಣಿಮೆಯೇ. ಅದೇ ದಿನ ರಾತ್ರಿ ಹುಟ್ಟಿದ್ದರೆ ತಾರೀಕು ಅದೇ ಇರುತ್ತಿತ್ತು, ತಿಥಿ ಮಾತ್ರ ಬಹುಳ ಪಾಡ್ಯ. ಹಾಗಾಗಿ ತಿಥಿ ಹುಡುಕುವವರು ಹುಟ್ಟಿದ ಗಳಿಗೆಯನ್ನೂ ಬರೆದಿಟ್ಟುಕೊಳ್ಳಿ.

ಹಾಗಂತ ನಮ್ಮ ಹಬ್ಬಗಳೆಲ್ಲ ಚಂದ್ರನ ಹಿಂದೆಯೇ ಹೋಗುವುದಿಲ್ಲ. ತುಲಾ ಸಂಕ್ರಮಣದ ತಲಕಾವೇರಿ ತೀರ್ಥೋದ್ಭವ ಸೂರ್ಯನದ್ದು, ಹಾಗಾಗಿ ಅಕ್ಟೋಬರ್ 17 ಅಥವಾ 18 ಬಿಟ್ಟು ಹೋಗುವುದಿಲ್ಲ. ಮಕರ ಸಂಕ್ರಾಂತಿಯೂ ಹಾಗೇ ಜನವರಿ 14-15ಕ್ಕೆ ಗಟ್ಟಿಯಾಗಿ ಕೂತಿದೆ. ಆದರೆ ಅದೂ ಬಹಳ ಮೆಲ್ಲಗೆ, ಸುಮಾರು 72 ವರ್ಷಕ್ಕೆ ಒಂದು ದಿನದಂತೆ, ಮುಂದಕ್ಕೆ ಸರಿಯುತ್ತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ತಾರೀಕು 1863ರ ಜನವರಿ 12. ಅಂದರೆ ಆಗ ಸಂಕ್ರಾಂತಿ 12ಕ್ಕೆ ಇತ್ತು! ಈಗ ದೇಶವೆಲ್ಲ ಜನವರಿ 12ನ್ನು ಯುವ ದಿನ ಅಂತ ಆಚರಿಸುತ್ತದೆ. ರಾಮಕೃಷ್ಣ ಮಠದವರು ಮಾತ್ರ ತಿಥಿ ನೋಡಿ ಪುಷ್ಯ ಬಹುಳ ಸಪ್ತಮಿಗೆ ಜಯಂತಿ ಮಾಡುತ್ತಾರೆ. ಒಬ್ಬರೇ ವ್ಯಕ್ತಿ, ಒಂದೇ ಹುಟ್ಟು, ಎರಡು ದಿನ. ಎರಡೂ ಸರಿಯೇ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಒಂದು ದಿನವನ್ನು ಮೊದಲು ನೆನಪಿಟ್ಟವರು ಯಾವ ಲೆಕ್ಕದಲ್ಲಿ ನೆನಪಿಟ್ಟರೋ ಅದನ್ನು ಅದೇ ಲೆಕ್ಕದಲ್ಲಿ ಆಚರಿಸುವುದು ಚೆಂದ.

ನಮ್ಮ ಜಿಲ್ಲೆಯದ್ದೇ ತೆಗೆದುಕೊಳ್ಳಿ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ಜಯಂತಿ ದವನದ ಹುಣ್ಣಿಮೆಗೆ, ಅಂದರೆ ಚೈತ್ರದ ಹುಣ್ಣಿಮೆಗೆ. ಅದಕ್ಕೆ ಒಂದು ತಾರೀಕು ಹುಡುಕಿ ಅಂಟಿಸುವ ಅಗತ್ಯವೇ ಇಲ್ಲ, ಜನ ಅಕ್ಕನನ್ನು ನೆನೆದದ್ದೇ ಹುಣ್ಣಿಮೆಯ ಜೊತೆ. ಅದೇ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ನೋಡಿ. ಸ್ವತಂತ್ರ ಅಂತ ಸಾರಿಕೊಂಡ ಆ ಊರಿಗೆ 1942ರ ಸೆಪ್ಟೆಂಬರ್ 28ರಂದು ಅಮಲ್ದಾರರು (ಈಗಿನ ತಹಶೀಲ್ದಾರರ ಹಾಗೆ) ಪೊಲೀಸರ ಜೊತೆ ಬಂದರು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಇದೆಲ್ಲ ಪೊಲೀಸ್ ಕಡತ, ಕೋರ್ಟ್ ತೀರ್ಪುಗಳಲ್ಲಿ ತಾರೀಕಿನ ಸಮೇತ ಉಳಿದ ಕಥೆ. ಅದನ್ನು ಭಾದ್ರಪದ ಬಹುಳಕ್ಕೆ ತಿರುಗಿಸಿ ಯಾರೂ ಆಚರಿಸುವುದಿಲ್ಲ, ಆಚರಿಸಬೇಕಾಗಿಯೂ ಇಲ್ಲ.

ಕುವೆಂಪು ಅವರ ವಿಷಯದಲ್ಲಿ ಎರಡೂ ಲೆಕ್ಕ ನಮ್ಮ ಕೈಲಿವೆ. 1904ರ ಡಿಸೆಂಬರ್ 29, ಗುರುವಾರ. ಪಂಚಾಂಗದಲ್ಲಿ ಕ್ರೋಧಿ ಸಂವತ್ಸರದ ಮಾರ್ಗಶಿರ ಬಹುಳ ಸಪ್ತಮಿ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1964ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಕ್ರೋಧಿ ಬಂತು. ಹೆಸರು ಬಂದರೂ ತಾರೀಕು ಕೂಡಲಿಲ್ಲ. 2024ರಲ್ಲಿ ಮಾರ್ಗಶಿರ ಬಹುಳ ಸಪ್ತಮಿ ಡಿಸೆಂಬರ್ 22ಕ್ಕೇ ಬಂದು ಹೋಯಿತು. 60 ಅನ್ನುವುದು 19ರ ಮಗ್ಗಿಯಲ್ಲಿ ಇಲ್ಲವಲ್ಲ, ಅದಕ್ಕೆ.

ನವೆಂಬರ್ 1 ಬಗ್ಗೆಯೂ ಒಂದು ಮಾತು. 1956ರಲ್ಲಿ ರಾಜ್ಯ ಒಂದಾದ ಆ ದಿನ ದೀಪಾವಳಿಯ ಸಡಗರದ ನಡುವೆಯೇ ಬಂದಿತ್ತು, ಮಾರನೇ ದಿನವೇ ಅಮಾವಾಸ್ಯೆ. 1973ರ ಅದೇ ತಾರೀಕಿಗೆ ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂತು. 2014ರ ಅದೇ ತಾರೀಕಿಗೆ ನಮ್ಮ ಶಿಮೊಗ್ಗ ಸರ್ಕಾರಿ ಬರಹದಲ್ಲಿ ಶಿವಮೊಗ್ಗ ಆಯಿತು. 2024ರಲ್ಲಿ ರಾಜ್ಯೋತ್ಸವದ ದಿನವೇ ಅಮಾವಾಸ್ಯೆ, ಬಾವುಟದ ಪಕ್ಕದಲ್ಲೇ ಹಣತೆ.

ಹಾಗಾದರೆ ನಿಮ್ಮ ಮಗಳಿಗೆ? ಎರಡನ್ನೂ ಇಟ್ಟುಕೊಳ್ಳಿ. ಕಾಲೇಜಿಗೆ, ಪಾಸ್‌ಪೋರ್ಟಿಗೆ, ಗೆಳತಿಯರಿಗೆ ಅಕ್ಟೋಬರ್ 17. ಮನೆಗೆ ಭೂಮಿ ಹುಣ್ಣಿಮೆ. ಅವತ್ತು ಬೆಳಗಿನ ಜಾವ ಅವಳ ಕೈಲೇ ಬುಟ್ಟಿ ಹೊರಿಸಿ ಗದ್ದೆಗೆ ಕರೆದುಕೊಂಡು ಹೋಗಿ. ಅವಳು ಹುಟ್ಟಿದಾಗ ನೀವೆಲ್ಲ ಆ ದಿನವನ್ನು ನೆನಪಿಟ್ಟುಕೊಂಡದ್ದು ಹಾಗೇ ಅಲ್ವಾ?

ತಾರೀಕೇ ಗೊತ್ತಿಲ್ಲದ ಹಿರಿಯರು ಮನೆಯಲ್ಲಿದ್ದರೆ ಇದೇ ಲೆಕ್ಕವನ್ನು ತಿರುಗಿಸಿ ಹಾಕಬಹುದು. ಶರಾವತಿಗೆ ಅಣೆಕಟ್ಟು ಕಟ್ಟಿ ಊರುಗಳು ಮುಳುಗಿದ ನಮ್ಮ ಮಲೆನಾಡಿನಲ್ಲಿ ಹಳಬರು ವರ್ಷ ಹೇಳುವುದೇ "ಮುಳುಗಡೆ ಆದ ವರ್ಷ", "ಮುಳುಗಡೆಗೆ ಮುಂಚೆ" ಅಂತ. ಜೊತೆಗೆ ಒಂದು ಹಬ್ಬದ ಹೆಸರು ಸಿಕ್ಕಿದರೆ ಸಾಕು, ದಿನವೇ ಸಿಗುತ್ತದೆ. ಬಳ್ಳಿಗಾವಿಯ ಶಾಸನಗಳ ಕಾಲ ತಿಳಿಯುವುದೂ ಹೀಗೇ. ಅದರಲ್ಲಿ ಶಕ ವರ್ಷ, ಸಂವತ್ಸರ, ಮಾಸ, ತಿಥಿ, ಜೊತೆಗೆ ವಾರವನ್ನೂ ಕೊರೆದಿರುತ್ತಾರೆ. ಲೆಕ್ಕ ಹಾಕಿದ ತಾರೀಕಿನ ವಾರ ಕಲ್ಲಿನ ಮೇಲಿನ ವಾರಕ್ಕೆ ಹೊಂದಿದರೆ ಆ ತಾರೀಕು ಗಟ್ಟಿ.

ನನ್ನ ಅಜ್ಜಿಯ ಗುರುತಿನ ಚೀಟಿಯಲ್ಲಿ ಹುಟ್ಟಿದ ದಿನ ಜನವರಿ 1 ಅಂತಿದೆ. ಬರೆದುಕೊಂಡವರು ಕೇಳಲಿಲ್ಲ, ಅಜ್ಜಿ ಹೇಳಲಿಲ್ಲ. ಅಜ್ಜಿಗೆ ಗೊತ್ತಿದ್ದದ್ದು ಇಷ್ಟೇ, "ಈಸೂರು ಗಲಾಟೆ ಆದ ವರ್ಷ, ದೀಪಾವಳಿ ಅಮಾಸೆ ರಾತ್ರಿ." ಒಂದು ಮಳೆಗಾಲದ ಮಧ್ಯಾಹ್ನ ಅಜ್ಜಿ ಅಡಿಕೆ ಕತ್ತರಿಸುತ್ತಾ ಕೂತಿದ್ದಾಗ ನಾನು ಲೆಕ್ಕ ಹಾಕಿದೆ. 1942, ಚಿತ್ರಭಾನು ಸಂವತ್ಸರ, ಆಶ್ವಯುಜದ ಅಮಾವಾಸ್ಯೆ. ಸಿಕ್ಕಿದ್ದು ನವೆಂಬರ್ 8. ಜಯಪ್ರಕಾಶ ನಾರಾಯಣರು ಹಜಾರಿಬಾಗ್ ಜೈಲಿನ ಗೋಡೆ ಹಾರಿ ತಪ್ಪಿಸಿಕೊಂಡದ್ದು ಅದೇ ದೀಪಾವಳಿ ರಾತ್ರಿ. ಅದನ್ನೂ ಹೇಳಿದೆ. ಅಜ್ಜಿ ಅಡಕತ್ತರಿ ಕೆಳಗಿಟ್ಟು ಕೇಳಿದಳು, "ವಾರ ಯಾವ್ದು ಬರ್ತದೆ ನೋಡು."

"ಭಾನುವಾರ ಅಜ್ಜಿ."

"ಹ್ಞೂಂ, ಸರಿ ಹಾಗಾದ್ರೆ. ಆಯ್ತಾರ ಅಂತ ಅವ್ವ ಹೇಳ್ತಿದ್ಲು."